ನ್ಯಾನೋ ಎಂ.ಟೆಕ್ ಮಾಡಬೇಕಾ? ಮೊದಲು ಲ್ಯಾಬ್ ನೋಡಿ

ನಾನು ಮೆಕ್ಯಾನಿಕಲ್ ಬಿ.ಇ. ಮುಗಿಸಿ ನ್ಯಾನೋಟೆಕ್ನಾಲಜಿಗೆ ಬಂದವಳು. 'ಕೆಮಿಸ್ಟ್ರಿ ಮರೆತುಹೋಗಿದೆ, ಆಗುತ್ತಾ ಅಕ್ಕಾ?' ಅಂತ ಜೂನಿಯರ್‌ಗಳು ಕೇಳುತ್ತಾರೆ. ಆಗುತ್ತೆ. ಸೇರುವ ಮೊದಲು ಪಿಯುಸಿ ಕೆಮಿಸ್ಟ್ರಿ ಪುಸ್ತಕ ಇನ್ನೊಮ್ಮೆ ಓದಿ, ಸಾಕು.

ಪ್ರವೇಶಕ್ಕೆ ಗೇಟ್ ಬರೆಯಿರಿ, ಜೊತೆಗೆ ನಮ್ಮ ರಾಜ್ಯದ ಪಿಜಿಸಿಇಟಿಯನ್ನೂ ಬರೆಯಿರಿ. ಗೇಟ್ ಸ್ಕೋರ್ 3 ವರ್ಷ ನಡೆಯುತ್ತದೆ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ನೇರವಾಗಿ ಕೇಳಿ: ಎಲೆಕ್ಟ್ರಾನ್ ಮೈಕ್ರೋಸ್ಕೋಪ್ (ನ್ಯಾನೋ ಗಾತ್ರದ ಕಣಗಳನ್ನು ತೋರಿಸುವ ಯಂತ್ರ) ನಿಮ್ಮಲ್ಲೇ ಇದೆಯಾ? ವಿದ್ಯಾರ್ಥಿಗಳಿಗೆ ಮುಟ್ಟಲು ಬಿಡುತ್ತೀರಾ? ಇಲ್ಲ ಅಂದರೂ ದಾರಿ ಇದೆ. ಬೆಂಗಳೂರಿನ ಐಐಎಸ್‌ಸಿಯ ನ್ಯಾನೋ ಕೇಂದ್ರದಲ್ಲಿ ಐಎನ್‌ಯುಪಿ ಅನ್ನುವ ಕೇಂದ್ರ ಸರ್ಕಾರದ ಯೋಜನೆಯಡಿ ಹೊರಗಿನ ವಿದ್ಯಾರ್ಥಿಗಳಿಗೂ ತರಬೇತಿ ಸಿಗುತ್ತದೆ. ಮೊದಲ ವರ್ಷವೇ ಅರ್ಜಿ ಹಾಕಿ.

ಲ್ಯಾಬ್ ಯಾಕೆ ಅಷ್ಟು ಮುಖ್ಯ ಗೊತ್ತಾ? ನಾನು ಮೊದಲು ಮಾಡಿದ್ದು ಚಿನ್ನದ ನ್ಯಾನೋಕಣ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣ. ಕುದಿಯುವ ತಿಳಿ ಹಳದಿ ಚಿನ್ನದ ದ್ರಾವಣಕ್ಕೆ ಸೋಡಿಯಂ ಸಿಟ್ರೇಟ್ ಹಾಕಬೇಕು. ಬಣ್ಣ ಮಾಯವಾಗಿ, ಕಪ್ಪು-ನೇರಳೆಗೆ ತಿರುಗಿ, ಕೊನೆಗೆ ದಾಳಿಂಬೆ ರಸದಂಥ ಕೆಂಪಾಗಬೇಕು. ನನ್ನದು ಮೂರು ಸಲ ಕಪ್ಪಾಗಿ ತಳಕ್ಕೆ ಕೂತಿತು. ಪುಸ್ತಕದಲ್ಲಿ ಕಾರಣ ಹುಡುಕಿ ಸುಸ್ತಾದೆ. ಪಾತ್ರೆ ಸರಿಯಾಗಿ ತೊಳೆದಿರಲಿಲ್ಲ, ಅಷ್ಟೇ! ಲ್ಯಾಬ್ ಅಣ್ಣ ಪಕ್ಕದಲ್ಲಿ ನಿಂತು ಆಕ್ವಾ ರೀಜಿಯಾದಲ್ಲಿ ತೊಳೆಸಿದರು. ಅದು ಚರ್ಮ ಸುಡುವ ಆಸಿಡ್, ಒಬ್ಬರೇ ಮುಟ್ಟಲೇಬೇಡಿ. ನಾಲ್ಕನೇ ಸಲ ಕೆಂಪು ಬಂತು. ಆ ಫ್ಲಾಸ್ಕನ್ನು ಕಿಟಕಿ ಬೆಳಕಿಗೆ ಹಿಡಿದು ತುಂಬಾ ಹೊತ್ತು ನಿಂತಿದ್ದೆ.

ಪ್ರಾಜೆಕ್ಟ್ ಗೈಡನ್ನು ಎರಡನೇ ಸೆಮಿಸ್ಟರ್‌ನಲ್ಲೇ ಮಾತಾಡಿಸಿ. ಅವರ ಈಗಿನ ವಿದ್ಯಾರ್ಥಿಗಳನ್ನು ಅದಕ್ಕೂ ಮೊದಲು.