ಇಕ್ಕಟ್ಟಾದ ಬಾನೆಟ್ ಒಳಗೆ ಸ್ಪಾರ್ಕ್ ಪ್ಲಗ್ ಹಾಕಲು ಒಂದು ತುಂಡು ರಬ್ಬರ್ ಪೈಪ್ ಸಾಕು

ಮನೆಯಲ್ಲೇ ಪ್ಲಗ್ ಬದಲಿಸುವವರು ಗಮನಿಸಿ. ಹಳೆಯದನ್ನು ಬಿಚ್ಚುವುದಕ್ಕಿಂತ ಹೊಸದನ್ನು ಕೂರಿಸುವಾಗ ಜಾಸ್ತಿ ಎಚ್ಚರ ಬೇಕು. ಈಗಿನ ಸಿಲಿಂಡರ್ ಹೆಡ್, ಅಂದರೆ ಪ್ಲಗ್ ಕೂರುವ ಇಂಜಿನ್ನಿನ ಮೇಲ್ಭಾಗ, ಮೆದುವಾದ ಅಲ್ಯೂಮಿನಿಯಂನದು. ಪ್ಲಗ್ಗಿನ ಥ್ರೆಡ್ (ತಿರುಪಿನ ಸುತ್ತು) ಅಡ್ಡ ಹತ್ತಿದರೆ ಹೆಡ್ ಕೆಟ್ಟು ದೊಡ್ಡ ಖರ್ಚು.

ನನ್ನ ಮೂರು ಸಿಲಿಂಡರ್ ಕಾರಿನಲ್ಲಿ ಕೊನೆಯ ಪ್ಲಗ್ ಹತ್ತಿರ ಕೈ ಆಡಿಸಲೂ ಜಾಗವಿಲ್ಲ. ಪ್ಲಗ್ ಇರುವುದು ಆಳವಾದ ಗುಂಡಿಯೊಳಗೆ. ಉದ್ದನೆಯ ರಾಡ್ ಹಾಕಿ ತಿರುಗಿಸಿದರೆ ಥ್ರೆಡ್ ಸರಿಯಾಗಿ ಕೂತಿದೆಯಾ ಅಂತ ಕೈಗೆ ಗೊತ್ತೇ ಆಗಲ್ಲ. ಅದಕ್ಕೆ ಬೈಕಿನ ಪೆಟ್ರೋಲ್ ಪೈಪ್ ಒಂದಡಿ ತಗೊಳ್ಳಿ. ಪ್ಲಗ್ಗಿನ ತಲೆಗೆ ಬಿಗಿಯಾಗಿ ಸಿಕ್ಕಿಸಿ, ಗುಂಡಿಗೆ ಇಳಿಸಿ, ಎರಡೇ ಬೆರಳಲ್ಲಿ ತಿರುಗಿಸಿ. ಮೊದಲು ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ಸಣ್ಣಗೆ 'ಟಕ್' ಅಂತ ಕೂರುವುದು ಗೊತ್ತಾಗುತ್ತದೆ. ಆಮೇಲೆ ಮುಂದಕ್ಕೆ. ಥ್ರೆಡ್ ಅಡ್ಡ ಹೋದರೆ ಪೈಪ್ ತಾನೇ ಜಾರುತ್ತದೆ, ಹೆಡ್ ಉಳಿಯುತ್ತದೆ.

ಬೆರಳಿಗೆ ಬಿಗಿಯಾದ ಮೇಲಷ್ಟೇ ಸಾಕೆಟ್ ಪಾನಾ ಹಾಕಿ. 14 ಮಿಮೀ ಥ್ರೆಡ್ಡಿನ, ವಾಷರ್ ಇರುವ ಹೊಸ ಪ್ಲಗ್‌ಗೆ ಇನ್ನು ಅರ್ಧ ಸುತ್ತಿಗಿಂತ ಸ್ವಲ್ಪ ಜಾಸ್ತಿ ಸಾಕು. ಟಾರ್ಕ್ ವ್ರೆಂಚ್ (ಬಿಗಿ ಎಷ್ಟೆಂದು ಅಳೆಯುವ ಪಾನಾ) ಇದ್ದರೆ ಕಾರಿನ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಬಿಗಿ ಮಾಡಿ.

ಇಂಜಿನ್ ಪೂರ್ತಿ ತಣ್ಣಗಿರಲಿ. ಬಿಚ್ಚುವ ಮೊದಲು ಸೈಕಲ್ ಪಂಪಿನಿಂದ ಗುಂಡಿಯ ಧೂಳು ಊದಿಬಿಡಿ, ಇಲ್ಲದಿದ್ದರೆ ಮರಳೆಲ್ಲ ಸಿಲಿಂಡರ್ ಒಳಗೆ ಬೀಳುತ್ತದೆ. ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್‌ನ ಕನೆಕ್ಟರಿನ ಪ್ಲಾಸ್ಟಿಕ್ ಲಾಕ್ ಬಿಸಿಗೆ ಒಣಗಿ ಪುಡಿಯಾಗುವಂತಿರುತ್ತದೆ, ವೈರ್ ಹಿಡಿದು ಎಳೆಯಬೇಡಿ.

ಬಿಚ್ಚಿದ ಪ್ಲಗ್‌ಗಳನ್ನು ಸಾಲಾಗಿ ಇಟ್ಟು ತುದಿ ನೋಡಿ. ತಿಳಿ ಕಂದು ಇದ್ದರೆ ಒಳ್ಳೆಯದು. ಯಾವುದಾದರೂ ಒಂದರ ತುದಿ ಮಾತ್ರ ಆಯಿಲ್‌ನಿಂದ ಒದ್ದೆಯಾಗಿದ್ದರೆ ಅದೇ ಸಿಲಿಂಡರನ್ನು ಮೆಕ್ಯಾನಿಕ್‌ಗೆ ತೋರಿಸಿ.