ಸೂಜಿ ಮೊದಲು, ಕತ್ತರಿ ಆಮೇಲೆ

ಅತ್ತೆ ತೀರಿಕೊಂಡಾಗ ನಮ್ಮ ಮನೆಯ ಸಜ್ಜೆಯ ಮೇಲೆ ನಾಲ್ಕು ಗಂಟುಗಳಿದ್ದವು. ನಾಲ್ಕೂ ಮುಗಿಯದ ಕೌದಿಗಳು, ಹಳೆಯ ಬಟ್ಟೆಯ ಪದರಗಳನ್ನು ಸೇರಿಸಿ ಕೈಯಲ್ಲಿ ಹೊಲಿಯುವ ಹೊದಿಕೆಗಳು. ಒಂದು, ನಾವಿಬ್ಬರೂ ಎದುರುಬದುರು ಕೂತು ಹೊಲಿಯುತ್ತಿದ್ದ ದೊಡ್ಡದು. ಇನ್ನೊಂದು ಅತ್ತೆಯ ಮರಿಮಗಳಿಗೆಂದು ಹಿಡಿದಿದ್ದ ಪುಟ್ಟ ಕೌದಿ. ಸುತ್ತಲಿನ ಅಂಚುಪಟ್ಟಿ ಮಾತ್ರ ಬಾಕಿ. ಮೂರನೆಯದು ಗುಳೇದಗುಡ್ಡ ಖಣದ, ಅಂದರೆ ಕುಪ್ಪಸದ ಬಟ್ಟೆಯ ಚೌಕಗಳು. ಕತ್ತರಿಸಿ ಇಟ್ಟಿದ್ದವು, ಜೋಡಿಸಿರಲಿಲ್ಲ. ನಾಲ್ಕನೆಯದು ನಮ್ಮ ಬೀದಿಯ ಹಿರಿಯರೊಬ್ಬರು ದುರಸ್ತಿಗೆ ಕೊಟ್ಟಿದ್ದ ಹಳೆಯ ಕೌದಿ. ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಊರಿಗೆ ಹೋದ ಮೇಲೆ ಆ ಗಂಟುಗಳ ಕಡೆ ತಲೆಯೆತ್ತಿ ನೋಡುವುದಕ್ಕೂ ನನ್ನಿಂದ ಆಗಲಿಲ್ಲ. ಬಹಳ ತಿಂಗಳು ಹಾಗೇ ಇದ್ದವು. ಮತ್ತೆ ಹೇಗೆ ಕೈ ಹಾಕಿದೆ ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥದೇ ಗಂಟು ಇಟ್ಟುಕೊಂಡು ಏನು ಮಾಡಲೂ ತೋಚದೆ ಕೂತವರು ಯಾರಾದರೂ ಇದ್ದರೆ ಅವರಿಗೆ ಉಪಯೋಗಕ್ಕೆ ಬರಲಿ.

ನಾನು ತುಮಕೂರಿನ ಕಡೆಯವಳು. ಮದುವೆಗೆ ಮುಂಚೆ ಗುಂಡಿ ಹಚ್ಚುವುದು, ಸೀರೆಗೆ ಫಾಲ್ ಹಾಕುವುದು, ಇಷ್ಟೇ ಬರುತ್ತಿತ್ತು. ಅತ್ತೆ ಇಳಕಲ್ಲಿನವರು. ಮಾವನವರಿಗೆ ಬೆಂಗಳೂರಿನಲ್ಲಿ ಕೆಲಸವಾಗಿ ವಿಜಯನಗರಕ್ಕೆ ಮನೆ ಬಂತು, ಅತ್ತೆಯ ಕೌದಿಗಳೂ ಜೊತೆಗೆ ಬಂದವು. ಮಧ್ಯಾಹ್ನ ಊಟವಾದ ಮೇಲೆ ಹಾಲಿನ ಟೀಪಾಯಿ ಸರಿಸಿ ಕೌದಿ ಹಾಸುತ್ತಿದ್ದರು. ತಲೆಯ ಕಡೆಯಿಂದ ಅವರು, ಕಾಲ ಕಡೆಯಿಂದ ನಾನು. "ಹೊಲಿಗಿ ಸಣ್ಣದಿರ್ಲಿ, ದೊಡ್ಡದಿರ್ಲಿ, ಒಂದ ಸಮ ಇರಬೇಕವ್ವಾ" ಎನ್ನುವುದು ಅವರು ಕಲಿಸಿದ ಮೊದಲ ಪಾಠ. ಅವರ ಹೊಲಿಗೆ ಅಕ್ಕಿಕಾಳಿನಷ್ಟು. ನನ್ನದು ಎಷ್ಟು ವರ್ಷವಾದರೂ ಅದಕ್ಕಿಂತ ಉದ್ದವೇ. ಸಾಲಿನಿಂದ ಸಾಲಿಗೆ ಕಿರುಬೆರಳಿನ ಅಗಲ ಬಿಡಬೇಕು ಎನ್ನುವುದರಲ್ಲಿ ಮಾತ್ರ ಇಬ್ಬರದೂ ಒಂದೇ ಲೆಕ್ಕ.

ಅವರು ಹೋದ ಮೇಲೆ ನನಗೆ ಹೊಲಿಯಲಾಗದೆ ಹೋದದ್ದು ಯಾಕೆ ಎಂದು ತಿಳಿಯಲು ಸಮಯ ಹಿಡಿಯಿತು. ಕೈ ಸೋತಿರಲಿಲ್ಲ. ದುಃಖವೆಂದು ದಿನವಿಡೀ ಮಲಗಿದವಳೂ ಅಲ್ಲ. ಅಡುಗೆ, ಮನೆಗೆಲಸ ಎಲ್ಲ ನಡೆದೇ ಇತ್ತು. ಆದರೆ ಎರಡು ತುಂಡು ಬಟ್ಟೆ ಅಕ್ಕಪಕ್ಕ ಇಟ್ಟುಕೊಂಡು ಯಾವುದು ಮೊದಲು ಎಂದು ತೀರ್ಮಾನಿಸಲು ಕೂತರೆ ಮಧ್ಯಾಹ್ನ ಹೋಗಿ ಸಂಜೆಯಾಗುತ್ತಿತ್ತು. ಆಮೇಲೆ ಹೊಳೆಯಿತು. ಇಷ್ಟು ವರ್ಷ ಅಂಥ ಒಂದೊಂದು ತೀರ್ಮಾನವನ್ನೂ ನಾನು ಅವರನ್ನು ಕೇಳಿಯೇ ಮಾಡಿದ್ದೆ. "ಅತ್ತೀ, ಇದರ ಪಕ್ಕ ಯಾವ್ದು ಇಡ್ಲಿ?" ಎನ್ನುತ್ತಿದ್ದೆ, ಅವರು ಕನ್ನಡಕ ಮೇಲೆತ್ತಿ ಒಂದು ತುಂಡು ಮುಂದೆ ತಳ್ಳುತ್ತಿದ್ದರು. ಈಗ ಪ್ರತಿ ಆಯ್ಕೆಯ ಹತ್ತಿರವೂ ಅವರು ಇಲ್ಲದಿರುವುದು ಹೊಸದಾಗಿ ಗೊತ್ತಾಗುತ್ತಿತ್ತು.

ಇದು ತಿಳಿದ ಮೇಲೆ ಗಂಟುಗಳನ್ನು ಕೆಳಗಿಳಿಸಿದೆ. ಯಾವುದು ಅವಸರದ್ದು, ಯಾವುದು ಹೆಚ್ಚು ಪ್ರೀತಿಯದ್ದು ಎಂದು ನೋಡಲಿಲ್ಲ. ಯಾವುದರಲ್ಲಿ ಎಷ್ಟು ತೀರ್ಮಾನ ಬಾಕಿಯಿದೆ ಎಂದಷ್ಟೇ ನೋಡಿದೆ. ದುರಸ್ತಿಯ ಕೌದಿಯಲ್ಲಿ ಏನೂ ಇಲ್ಲ, ಬಟ್ಟೆಯನ್ನೂ ಆ ಹಿರಿಯರೇ ಕೊಟ್ಟಿದ್ದರು. ಮಗುವಿನ ಕೌದಿಯಲ್ಲಿ ಒಂದೇ: ಅಂಚಿಗೆ ಯಾವ ಬಣ್ಣ. ದೊಡ್ಡದರಲ್ಲಿ ಹೊಲಿಗೆ ಬಹಳ, ಯೋಚನೆಯೂ ಸ್ವಲ್ಪ. ಖಣದ ಚೌಕಗಳಲ್ಲಿ ಎಲ್ಲವೂ ಯೋಚನೆಯೇ. ಈ ಸಾಲಿನಲ್ಲೇ ಹಿಡಿಯುವುದೆಂದು ಮನಸ್ಸು ಮಾಡಿದೆ. ಕತ್ತರಿಯನ್ನು ಬೇರೆ ಕೋಣೆಯ ಬೀರುವಿನಲ್ಲಿಟ್ಟೆ. ಹೊಲಿದದ್ದನ್ನು ಬಿಚ್ಚಬಹುದು, ಕತ್ತರಿಸಿದ್ದನ್ನು ಕೂಡಿಸಲಾಗುವುದಿಲ್ಲ. ಮನಸ್ಸು ನೆಟ್ಟಗಿಲ್ಲದ ದಿನಗಳಲ್ಲಿ ಸೂಜಿ ಸಾಕು. ಇದನ್ನು ಯಾರಿಗಾದರೂ ಗಟ್ಟಿಯಾಗಿ ಹೇಳಬಲ್ಲೆ.

ದಾರ ತರುವುದೇ ಮೊದಲ ಕೆಲಸವಾಯಿತು. ವಿಜಯನಗರದಿಂದ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಅಲ್ಲಿಂದ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿಗೆ ನಡೆದೇ ಹೋದೆ. ಲೇಸು, ಗುಂಡಿ, ಜರಿ, ದಾರ ಎಲ್ಲ ಸಿಗುವ ಜಾಗ. ಅತ್ತೆಯ ಜೊತೆ ಹೋಗುತ್ತಿದ್ದ ಅಂಗಡಿ ಬಿಟ್ಟು ಬೇರೆಯದಕ್ಕೆ ಹೋದೆ, ಆ ದಿನಕ್ಕೆ ಅದೇ ಸರಿ ಅನ್ನಿಸಿತು. ಹತ್ತಿಯ ಬಿಳಿ ದಾರವೇ ಬೇಕೆಂದು ಕೇಳಿ ತಂದೆ. ಪಾಲಿಯೆಸ್ಟರ್ ದಾರ ಗಟ್ಟಿ ಎಂದು ಅಂಗಡಿಯವರು ಹೇಳುತ್ತಾರೆ, ನಿಜವೇ. ಆದರೆ ನವೆದ ಹತ್ತಿಬಟ್ಟೆಯಲ್ಲಿ ಎಳೆದಾಗ ಆ ಗಟ್ಟಿ ದಾರವೇ ಬಟ್ಟೆಯನ್ನು ಕೊಯ್ಯುತ್ತದೆ. ದಾರ ಹರಿದರೆ ಮತ್ತೆ ಹೊಲಿಯಬಹುದು, ಬಟ್ಟೆ ಹರಿದರೆ ಕಷ್ಟ. ಕೈಯುದ್ದಕ್ಕಿಂತ ಹೆಚ್ಚು ದಾರ ಪೋಣಿಸಬೇಡಿ, ಸಿಕ್ಕಾಗುತ್ತದೆ. ಮೇಣದ ತುಂಡಿನ ಮೇಲೆ ಒಮ್ಮೆ ಎಳೆದುಕೊಂಡರೆ ಇನ್ನೂ ಒಳ್ಳೆಯದು.

ಹಿರಿಯರ ಕೌದಿಯ ಅಂಚು ಒಂದು ಕಡೆ ಪೂರಾ ಹರಿದಿತ್ತು. ಹರಿದ ಜಾಗವನ್ನು ತೆಗೆಯದೆ ಅದರ ಮೇಲೇ ಹೊಸ ಪಟ್ಟಿ ಹಾಸಿ, ಹರಿದದ್ದಕ್ಕಿಂತ ಎರಡು ಬೆರಳು ಆಚೆ, ಬಟ್ಟೆ ಗಟ್ಟಿಯಿರುವಲ್ಲಿಗೆ ಹೊಲಿಗೆ ಹಿಡಿಸಿದೆ. ಸಾದಾ ಓಟದ ಹೊಲಿಗೆ. ಬೇರೆಯವರ ಮನೆಯ ಬಟ್ಟೆ, ಯಾವ ತುಂಡೂ ನನಗೆ ಏನನ್ನೂ ನೆನಪಿಸಲಿಲ್ಲ. ಅದೇ ಬೇಕಾಗಿದ್ದದ್ದು. ದಿನಕ್ಕೊಂದು ಸಾಲು, ಕೆಲವು ದಿನ ಅದೂ ಇಲ್ಲ. ಬೆರಳಿಗೆ ಅಂಗುಸ್ತಾನ ಹಾಕಿ ಕೂತರೆ ಕೈ ತಾನಾಗಿ ನಡೆಯತೊಡಗಿತು. ಮಗುವಿನ ಕೌದಿಯೂ ಹೀಗೇ ಮುಗಿಯಿತು. ಅಂಚಿನ ಬಣ್ಣವನ್ನು ಮಗುವಿನ ತಾಯಿಗೇ ಕೇಳಿ ಬಿಟ್ಟೆ, ಅವಳು ಹಳದಿ ಎಂದಳು. ಚಿಕ್ಕ ಮಕ್ಕಳದ್ದಕ್ಕೆ ರೇಷ್ಮೆ, ಜರಿ ಹಾಕಬಾರದು. ಗಂಟುಗಳೆಲ್ಲ ಪದರದ ಒಳಗೆ ಹೋಗಬೇಕು, ಇಲ್ಲದಿದ್ದರೆ ಮೈಗೆ ಚುಚ್ಚುತ್ತವೆ. ಮಗು ಅಷ್ಟರಲ್ಲಿ ನಡೆಯುವುದಕ್ಕೇ ಶುರುಮಾಡಿತ್ತು. ಹೊದೆಯಲು ಚಿಕ್ಕದಾದರೂ ಎಳೆದುಕೊಂಡು ಓಡಾಡಲು ಸರಿಯಾಗಿದೆಯಂತೆ.

ದೊಡ್ಡ ಕೌದಿಯನ್ನು ಬಿಚ್ಚಿದ್ದು ಬೇಸಿಗೆಯಲ್ಲಿ, ತಾರಸಿಯ ಮೇಲೆ, ಒಳ್ಳೆಯ ಬಿಸಿಲಿನಲ್ಲಿ. ಬೆಂಗಳೂರಿನ ಮಳೆಗಾಲದ ತೇವ ಕಳೆದ ಗಂಟಿನಲ್ಲಿ ಬೂಷ್ಟು ಹಿಡಿದಿರುತ್ತದೆ, ಬೆಳ್ಳಿಹುಳ ಸೇರಿರುತ್ತದೆ. ಮನೆಯೊಳಗೆ ಬಿಚ್ಚಬಾರದು. ಹುಳ ಇರಲಿಲ್ಲ. ಅತ್ತೆಯ ಕಡೆ, ಕೊನೆಯ ಸಾಲಿನ ನಡುವೆ, ಅವರ ಸೂಜಿ ಹಾಗೇ ಇತ್ತು. ದಾರ ಒಂದು ಗೇಣು ಉಳಿದಿತ್ತು. ಸೂಜಿ ತುಕ್ಕು ಹಿಡಿದು ಬಟ್ಟೆಗೆ ಕಂದು ಕಲೆ ಮಾಡಿತ್ತು. ನಿಮ್ಮ ಮನೆಯಲ್ಲೂ ಇಂಥ ಸೂಜಿ ಇದ್ದರೆ, ಕೆಲಸ ಶುರು ಮಾಡುವ ಮನಸ್ಸು ಬರದಿದ್ದರೂ ಸೂಜಿಯನ್ನು ಮಾತ್ರ ಈಗಲೇ ತೆಗೆದಿಡಿ. ದಾರವನ್ನು ಬಿಟ್ಟು ಸೂಜಿಯನ್ನಷ್ಟೇ ಹಿಂದಕ್ಕೆ ಎಳೆದರೆ ಬರುತ್ತದೆ. ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟರೆ ತೆಳುವಾಗುತ್ತದೆ ಎಂದು ಗೊತ್ತಿತ್ತು. ಆದರೆ ಹುಳಿ ಬಿದ್ದರೆ ಹಳೆಯ ಬಟ್ಟೆ ಇನ್ನೂ ಬಡವಾಗುತ್ತದೆ. ಕಲೆ ಇರಲಿ ಎಂದು ಬಿಟ್ಟೆ.

ಆ ಒಂದು ಗೇಣು ದಾರವನ್ನು ಹಾಗೇ ಇಡು ಎಂದರು ನಮ್ಮವರು. ನಾನು ಅದನ್ನು ಹೊಸ ಸೂಜಿಗೆ ಪೋಣಿಸಿ ಅತ್ತೆಯ ಸಾಲಿನಲ್ಲೇ ಹೊಲಿದು ಮುಗಿಸಿದೆ. ಹೊಲಿಗೆಗೆಂದು ಹಾಕಿದ ದಾರ ಹೊಲಿಗೆಗೇ ಹೋಗಬೇಕು. ಅವರ ಕಾಳಿನಂಥ ಹೊಲಿಗೆ ಎಲ್ಲಿ ಮುಗಿದು ನನ್ನ ಉದ್ದ ಹೊಲಿಗೆ ಎಲ್ಲಿ ಶುರುವಾಗುತ್ತದೆ ಎನ್ನುವುದು ಈಗಲೂ ಕಣ್ಣಿಗೆ ಕಾಣುತ್ತದೆ. ಅವರ ಹೊಲಿಗೆಯ ಅಳತೆಗೆ ನನ್ನದನ್ನು ಹೊಂದಿಸಲು ಹೋಗಲಿಲ್ಲ. ಅವರ ಕೊನೆಯ ಸಾಲುಗಳು ಸ್ವಲ್ಪ ಓರೆಯಾಗಿದ್ದವು, ಕಣ್ಣು ಮಂಜಾಗಿದ್ದ ಕಾಲದವು. ಬಿಚ್ಚಿ ನೇರ ಮಾಡಬಹುದಲ್ಲ ಎಂದು ಒಬ್ಬರು ಹೇಳಿದರು. ಅದನ್ನು ಮುಟ್ಟುವ ಪ್ರಶ್ನೆಯೇ ಇರಲಿಲ್ಲ.

ನಿಜವಾದ ತೊಡಕು ಬೇರೆ. ಎರಡು ಕಡೆಯಿಂದ ಇಬ್ಬರು ಹೊಲಿಯುತ್ತ ಬಂದರೆ ಬಟ್ಟೆಯ ಸಡಿಲ ಎರಡೂ ಕಡೆಯಿಂದ ಸಮನಾಗಿ ನಡುವಿಗೆ ಸರಿಯುತ್ತದೆ, ಇಬ್ಬರೂ ಕೈಯಿಂದ ನೀವುತ್ತ ಸರಿಪಡಿಸಿಕೊಳ್ಳುತ್ತಾರೆ. ಒಬ್ಬರೇ ಒಂದು ಕಡೆಯಿಂದ ನಡೆದರೆ ಸಡಿಲವೆಲ್ಲ ಆಚೆಯ ಹೊಲಿಗೆಯ ಬುಡಕ್ಕೆ ಹೋಗಿ ಉಬ್ಬಿ ಕೂರುತ್ತದೆ. ಅತ್ತೆಯ ಸಾಲಿನ ಪಕ್ಕದಲ್ಲೇ ಸುಕ್ಕು ಬೀಳುವುದನ್ನು ನೋಡಲು ನನಗೆ ಇಷ್ಟವಿರಲಿಲ್ಲ. ಆಗ ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿ ನೆನಪಾಯಿತು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಅವರು ಅಂಚಿನಿಂದ ಹಿಡಿದು ಸುತ್ತು ಹಾಕುತ್ತ, ದಾರಿಯುದ್ದಕ್ಕೂ ತುಂಡು ಸೇರಿಸುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಚಿದ ಮುಮ್ಮೂಲೆ ತುಂಡುಗಳ 'ಫೂಲ' ಇಡುತ್ತಾರೆ. ಒಬ್ಬಳೇ ಕೂತು ಹೊಲಿಯಲು ಅದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಅದರಂತೆ ಮಾಡಿದೆ. ಅತ್ತೆಯ ಸಾಲುಗಳು ಒಂದು ತುದಿ, ನನ್ನವು ಇನ್ನೊಂದು ತುದಿ, ನಡುವೆ ಹೊಲಿಗೆಯಿಲ್ಲದ ಚೌಕ. ಮೊದಲು ಪದರಗಳು ಜರುಗದಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಂಡೆ. ಆಮೇಲೆ ಆ ಚೌಕದ ಅಂಚು ಹಿಡಿದು ಸುತ್ತು ಶುರುಮಾಡಿದೆ, ಪ್ರತಿ ಸುತ್ತೂ ಒಳಕ್ಕೆ ಒಂದು ಕಿರುಬೆರಳು. ಪ್ರತಿ ದಿನ ಕೌದಿ ತಿರುಗಿಸಿ ಬೇರೆ ಪಕ್ಕದಿಂದ ಕೂತೆ. ಹೀಗೆ ಬರುತ್ತ ಬರುತ್ತ ನಾಲ್ಕೂ ಕಡೆಯ ಸಡಿಲ ಕೊನೆಗೆ ನಡುವೆ ಬಂದು ಅಂಗೈಯಗಲ ಉಬ್ಬಿ ನಿಂತಿತು. ಇದಕ್ಕೆ ಉಪಾಯವಿದೆ: ಮೇಲಿನ ಪದರವನ್ನು ಅಲ್ಲಿ ಸಣ್ಣ ನೆರಿಗೆಯಾಗಿ ಮಡಚಿ, ಚಪ್ಪಟೆ ಮಾಡಿ, ಮೇಲೊಂದು ತೇಪೆ ಕೂರಿಸುವುದು.

ತೇಪೆ ಯಾವ ಬಟ್ಟೆಯದು? ಅಲ್ಲಿಗೆ ಕತ್ತರಿ ಬೇಕಾಯಿತು.

ಅತ್ತೆಯ ಸೀರೆಗಳಲ್ಲಿ ಕೆಲವನ್ನು ನೆಂಟರು ನೆನಪಿಗೆಂದು ಒಯ್ದಿದ್ದರು. ಸತ್ತವರ ಬಟ್ಟೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಒತ್ತಾಯ ಮಾಡಿದವರೂ ಇದ್ದರು. ಹಿರಿಯರ ಮಾತನ್ನು ನಾನು ತೆಗೆದುಹಾಕುವವಳಲ್ಲ. ಆದರೆ ನಮ್ಮ ಮನೆಯ ಯಾವ ಕೌದಿ ಬಿಚ್ಚಿದರೂ ಒಳಗಿರುವುದು ಹೋದವರ ಸೀರೆ, ಹೋದವರ ಧೋತರ. ಮಾವನವರು ಹೋದಾಗ ಅವರ ಧೋತರಗಳನ್ನು ಇದೇ ದೊಡ್ಡ ಕೌದಿಯ ನಡುಪದರಕ್ಕೆ ಹಾಕಿದ್ದು ಅತ್ತೆಯೇ. ಮಗಳು ಆ ದಿನಗಳಲ್ಲಿ ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಎಂಬ ಊರಿನ ಕೌದಿಯೊಂದರ ಚಿತ್ರ ತೋರಿಸಿದಳು. ಮಿಸೌರಿ ಪೆಟ್‌ವೇ ಎಂಬಾಕೆ 1942ರಲ್ಲಿ, ತೀರಿಹೋದ ಗಂಡನ ಕೆಲಸದ ಬಟ್ಟೆಗಳಿಂದಲೇ ಹೊಲಿದದ್ದು. ಪ್ಯಾಂಟಿನ ಕಾಲು, ಅಂಗಿಯ ತುದಿ ಎಲ್ಲ ಸೇರಿವೆ. ಆ ಬಟ್ಟೆಗಳನ್ನು ಹರಿದುಕೊಡಲು ಮಗಳು ಆರ್ಲೋಂಜಿಯಾ ಜೊತೆಗಿದ್ದಳಂತೆ. ಮಾಸಿದ ನೀಲಿ, ಕಂದು ಪಟ್ಟಿಗಳನ್ನು ನಾನು ಬಹಳ ಹೊತ್ತು ನೋಡಿದೆ. ಅಷ್ಟು ದೂರದ ಹೆಂಗಸು ನಮ್ಮ ಅತ್ತೆ ಮಾಡಿದ್ದನ್ನೇ ಮಾಡಿದ್ದಳು.

ಉಳಿದಿದ್ದ ಇಳಕಲ್ ಸೀರೆಗಳಲ್ಲಿ ದಾಳಿಂಬೆ ಕೆಂಪಿನದೊಂದನ್ನು ತೆಗೆದೆ. ಬೆಳಕಿಗೆ ಹಿಡಿದು ನೋಡಿ, ಎರಡು ಹೆಬ್ಬೆರಳಿನ ನಡುವೆ ಎಳೆದು ನೋಡಿದೆ. ಚರ್ ಎಂದರೆ ಆ ಬಟ್ಟೆ ಮೇಲ್ಪದರಕ್ಕೆ ಬೇಡ, ಒಳಗೆ ಹಾಕಬೇಕು. ಇದು ತಡೆಯಿತು. ಕೆಂಪು ಬಣ್ಣ ಬಿಡುತ್ತದೋ ಎಂದು ಒದ್ದೆ ಬಿಳಿಬಟ್ಟೆ ಒತ್ತಿ ಪರೀಕ್ಷೆ ಮಾಡಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆ, ಹತ್ತಿಯದು, ಸೆರಗಿನದು ರೇಷ್ಮೆಯದು. ಎರಡನ್ನೂ ಮಗ್ಗದ ಮೇಲೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ತೊಳೆದಾಗ ರೇಷ್ಮೆ ಒಂದು ರೀತಿ ಎಳೆದುಕೊಳ್ಳುತ್ತದೆ, ಹತ್ತಿ ಇನ್ನೊಂದು ರೀತಿ. ಕೌದಿಗೆ ಒಡಲೇ ಸರಿ. ಟೋಪ್ ತೆನೆ ವಿನ್ಯಾಸದ ಸೆರಗನ್ನು ಕೊಂಡಿಯವರೆಗೆ ಇಡಿಯಾಗಿ ಬಿಟ್ಟು, ಒಡಲಿನಿಂದ ಅಂಗೈಯಗಲದ ಚೌಕ ಕತ್ತರಿಸಿದೆ. ಮುಂಚೆ ಇದನ್ನು ನೆನೆದರೇ ಕೈ ನಡುಗುತ್ತಿತ್ತು. ಅಷ್ಟು ಸುತ್ತು ಹೊಲಿದು ಬಂದ ಮೇಲೆ ನಡುಗಲಿಲ್ಲ. ಅಂಚನ್ನು ಒಳಕ್ಕೆ ಮಡಚಿ ತೇಪೆ ಕೂರಿಸಿ, ಅದರೊಳಗೂ ಸುತ್ತು ಹಾಕಿ ಗಂಟನ್ನು ಪದರದೊಳಗೆ ಎಳೆದೆ. ಆ ಚಳಿಗಾಲದಿಂದ ನಮ್ಮವರು ಅದನ್ನೇ ಹೊದ್ದು ಮಲಗುತ್ತಾರೆ. ಗಾಜಿನ ಬೀರುವಿನಲ್ಲಿ ಇಡೋಣ ಎಂದ ಮಗನಿಗೆ ನಾನು ಒಪ್ಪಲಿಲ್ಲ.

ಖಣದ ಚೌಕಗಳನ್ನು ನಾನು ಮುಗಿಸಲಿಲ್ಲ. ಮೂರು ಗಂಟು ಬಿಚ್ಚಿದ ಮೇಲೂ ಅವುಗಳ ಮುಂದೆ ಕೂತರೆ ಬಣ್ಣ ಹೊಂದಿಸಲು ಬುದ್ಧಿ ಓಡಲಿಲ್ಲ. ಎಲ್ಲವನ್ನೂ ಮುಗಿಸಲೇಬೇಕೆಂಬ ಹಟ ನನಗೆ ಸರಿ ಕಾಣುವುದಿಲ್ಲ. ಆ ಖಣಗಳಲ್ಲಿ ಅರ್ಧ ನಾದಿನಿಯ ಮದುವೆಯ ಕುಪ್ಪಸದ ಬಟ್ಟೆಗಳು. ಬಾಗಲಕೋಟೆಯ ಬಸ್ಸಿಗೆ ಹೊರಟಿದ್ದ ನೆಂಟರ ಕೈಯಲ್ಲಿ ಅವಳಿಗೇ ಕಳಿಸಿದೆ. ಈಗ ಅವಳು ನೆಲದ ಮೇಲೆ ಹರಡಿ ವಾಟ್ಸಾಪ್‌ನಲ್ಲಿ ಚಿತ್ರ ಕಳಿಸುತ್ತಾಳೆ, "ವೈನಿ, ಇದರ ಬಾಜೂಕ ಯಾವ್ದ ಇಡ್ಲಿ?" ಎನ್ನುತ್ತಾಳೆ. ಮೊನ್ನೆ ಹಸಿರಿನ ಪಕ್ಕ ಇನ್ನೊಂದು ಹಸಿರು ಬೇಡ ಎಂದೆ. ಅವಳು ಅದನ್ನೇ ಇಟ್ಟು ಚಿತ್ರ ಕಳಿಸಿದಳು. ಚೆನ್ನಾಗಿಯೇ ಇತ್ತು.