ಚಿನ್ನದ ರಾಶಿಗೆ ಹನಿ ನೀರಾವರಿ: ಹಿರಿಯೂರಿನ ಅಂಗಳದಲ್ಲಿ ಮಾಡಿ ನೋಡಿದ್ದು

ಪಶ್ಚಿಮ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿ ಅದಿರಿನ ರಾಶಿಗೆ ಸಯನೈಡ್ ದ್ರಾವಣ ಹನಿಸುವ ಪಂಪು ಮತ್ತು ಪೈಪುಗಳ ಉಸ್ತುವಾರಿ ನನ್ನ ಪಾಲಿಗೆ ಬಂದಾಗ, ಹಿರಿಯೂರು ತಾಲ್ಲೂಕಿನ ನಮ್ಮ ಅಡಿಕೆ ತೋಟದಲ್ಲಿ ವರ್ಷಗಟ್ಟಲೆ ಡ್ರಿಪ್ ಪೈಪು ಎಳೆದ ಅನುಭವವೇ ಸಾಕೆಂದು ಭಾವಿಸಿದ್ದೆ. ಆ ಅನುಭವದ ಅರ್ಧ ಉಪಯೋಗಕ್ಕೆ ಬಂತು. ಉಳಿದರ್ಧ ಜೀವಕ್ಕೇ ಎರವಾಗುತ್ತಿತ್ತು.

ಚಿನ್ನದ ಅಂಶ ಕಡಿಮೆ ಇರುವ ಅದಿರನ್ನು ನುಣ್ಣಗೆ ಅರೆಯದೆ, ಜಲ್ಲಿಯಂತೆ ಒಡೆದು, ದಪ್ಪ ಪ್ಲಾಸ್ಟಿಕ್ ಹಾಸಿನ ಮೇಲೆ ಆರೆಂಟು ಮೀಟರ್ ಎತ್ತರಕ್ಕೆ ಒಟ್ಟಿ, ಮೇಲಿನಿಂದ ತೆಳುವಾದ ಸಯನೈಡ್ ದ್ರಾವಣವನ್ನು ವಾರಗಟ್ಟಲೆ ಹನಿಸುತ್ತಾರೆ. ಕರಗಿ ಕೆಳಗಿಳಿದ ಚಿನ್ನವನ್ನು ಇದ್ದಿಲಿನ ಮೇಲೆ ಹಿಡಿಯುತ್ತಾರೆ. ಅಡಿಕೆ ಮರವಾದರೆ ಬೇರು ಚಾಚಿ ನೀರನ್ನು ಹುಡುಕಿಕೊಳ್ಳುತ್ತದೆ. ಕಲ್ಲಿಗೆ ಆ ಸೌಕರ್ಯವಿಲ್ಲ, ದ್ರಾವಣ ತಾಗದ ಕಲ್ಲಿನ ಚಿನ್ನ ಕಲ್ಲಿನಲ್ಲೇ ಉಳಿಯುತ್ತದೆ.

ಅಲ್ಲಿದ್ದದ್ದು ಗಂಟೆಗೆ 4 ಲೀಟರಿನ ಡ್ರಿಪ್ಪರ್‌ಗಳು, 70 ಸೆಂ.ಮೀ. ಅಂತರದಲ್ಲಿ. ಲೆಕ್ಕಕ್ಕೆ ಚದರ ಮೀಟರಿಗೆ ಗಂಟೆಗೆ ಸುಮಾರು 8 ಲೀಟರ್ ಬೀಳುತ್ತಿತ್ತು, ಕಾಗದದ ಮೇಲೆ ಏನೂ ತಪ್ಪಿರಲಿಲ್ಲ. ಆದರೆ ಎಲ್ಲ ಕಲ್ಲಿಗೂ ದ್ರಾವಣ ತಾಗುತ್ತಿದೆಯೇ ಎಂದು ನೋಡಲು, ರಜೆಗೆ ಊರಿಗೆ ಬಂದಾಗ ಹತ್ತಿರದ ಕ್ರಷರ್‌ನಿಂದ ಪುಡಿ ಬೆರೆತ ಜಲ್ಲಿ ತರಿಸಿ, ಅಂಗಳದಲ್ಲಿ ಎದೆಮಟ್ಟದ ಎರಡು ಗುಡ್ಡೆ ಹಾಕಿಸಿದೆ. ಒಂದಕ್ಕೆ ಅದೇ ಡ್ರಿಪ್ಪರ್, ಇನ್ನೊಂದಕ್ಕೆ 50 ಸೆಂ.ಮೀ. ಅಂತರದಲ್ಲಿ 2 ಲೀಟರಿನದು; ಒಟ್ಟು ನೀರು ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಬರಿಯ ನೀರಿಗೆ ಓಕುಳಿಯ ಬಣ್ಣ ಕಲಸಿ ರಾತ್ರಿಯಿಡೀ ಹನಿಸಿ, ಬೆಳಿಗ್ಗೆ ಸನಿಕೆಯಿಂದ ಗುಡ್ಡೆಗಳನ್ನು ನೆಟ್ಟಗೆ ಸೀಳಿದೆವು. ಮೊದಲನೆಯದರಲ್ಲಿ ಪ್ರತಿ ಡ್ರಿಪ್ಪರಿನ ಕೆಳಗೆ ಕೆಂಪು ಬಣ್ಣ ಕಂಬದಂತೆ ಇಳಿದಿತ್ತು, ಎರಡು ಕಂಬಗಳ ನಡುವಿನ ಜಲ್ಲಿ ಬೂದಿಯಂತೆ ಒಣಗಿತ್ತು. ಎರಡನೆಯದರಲ್ಲಿ ಗೇಣು ಆಳದೊಳಗೆ ಬಣ್ಣ ಒಂದಕ್ಕೊಂದು ಕೂಡಿಕೊಂಡಿತ್ತು. ಅಂಗಳ ಹಾಳು ಮಾಡಿದೆನೆಂದು ಅಮ್ಮ ವಾರಗಟ್ಟಲೆ ಗೊಣಗಿದರು.

ಗಣಿಗೆ ಮರಳಿದ ಮೇಲೆ ಕೈಗವಸು ಹಾಕಿ, ಅಳತೆಯ ಲೋಟ ಹಿಡಿದು ರಾಶಿ ಸುತ್ತಿದೆ. ಇಳಿಜಾರಿನ ಮೇಲಿನ ತುದಿಯಲ್ಲಿ ಒಂದು ಡ್ರಿಪ್ಪರಿನಿಂದ ನಿಮಿಷಕ್ಕೆ 50 ಮಿ.ಲೀ., ಕೆಳ ತುದಿಯಲ್ಲಿ 70. ಹತ್ತು ಮೀಟರ್ ಇಳಿದರೆ ಪೈಪಿನೊಳಗಿನ ಒತ್ತಡ ಸುಮಾರು ಒಂದು ಬಾರ್ (ಹೆಚ್ಚುಕಡಿಮೆ ಗಾಳಿಯ ಒತ್ತಡದಷ್ಟು) ಏರುತ್ತದೆ. ಸಾಮಾನ್ಯ ಡ್ರಿಪ್ಪರಿನಲ್ಲಿ ಒತ್ತಡ ಇಮ್ಮಡಿಯಾದರೆ ಹರಿವು ಸುಮಾರು ಮೊದಲಿನ ಒಂದೂ ಕಾಲು ಪಟ್ಟಿನಿಂದ ಒಂದೂವರೆ ಪಟ್ಟಿನ ನಡುವೆ ಬರುತ್ತದೆ. ಆದ್ದರಿಂದ ಒಳಗೆ ರಬ್ಬರ್ ಪೊರೆಯಿರುವ, ಒತ್ತಡ ಏರಿಳಿದರೂ ಹರಿವು ಬದಲಾಗದ 2 ಲೀಟರಿನ ಡ್ರಿಪ್ಪರ್‌ಗಳನ್ನೇ ಕೇಳಿದೆ. ಬೆಲೆ ಹೆಚ್ಚೆಂದು ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಸೀಳಿದ ಗುಡ್ಡೆಗಳ ಫೋಟೋ ತೋರಿಸಿದ ಮೇಲೆ ಒಂದು ಭಾಗಕ್ಕೆ ಒಪ್ಪಿಗೆ ಸಿಕ್ಕಿತು.

ಸಣ್ಣ ಡ್ರಿಪ್ಪರ್ ಬೇಗ ಕಟ್ಟಿಕೊಳ್ಳುತ್ತದೆ. ದ್ರಾವಣದ ಪಿಎಚ್ (ಹುಳಿ-ಕ್ಷಾರದ ಅಳತೆ) 10ಕ್ಕಿಂತ ಮೇಲಿರಲೆಂದು ಸುಣ್ಣ ಹಾಕುತ್ತಾರೆ, ಆ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ, ನಮ್ಮ ಬೋರ್‌ವೆಲ್‌ನ ಗಡಸು ನೀರಿನಂತೆಯೇ ಬಿಳಿ ಹೆಪ್ಪು ಕಟ್ಟುತ್ತದೆ. ತೋಟದಲ್ಲಾದರೆ ಪೈಪಿಗೆ ಆಸಿಡ್ ಬಿಟ್ಟು ತೊಳೆಯುತ್ತೇವೆ. ಅದೇ ರೂಢಿಯಲ್ಲಿ ಸಾಮಾನಿನ ಪಟ್ಟಿಗೆ ಹೈಡ್ರೋಕ್ಲೋರಿಕ್ ಆಸಿಡ್ ಬರೆದಿದ್ದೆ. ಪ್ರಯೋಗಾಲಯದ ಹಿರಿಯರು ಚೀಟಿಯನ್ನು ಓದಿ, ನನ್ನನ್ನು ಎದುರಿಗೆ ಕೂರಿಸಿಕೊಂಡು ವಿವರಿಸಿದರು: ಪಿಎಚ್ 9.2ರ ಸುಮಾರಿಗೆ ಇಳಿದರೇ ಸಯನೈಡಿನ ಅರ್ಧದಷ್ಟು ಹೈಡ್ರೋಜನ್ ಸಯನೈಡ್ ಆಗಿಬಿಡುತ್ತದೆ, ಆಸಿಡ್ ಸುರಿದರೆ ಆ ವಿಷಾನಿಲ ಪೈಪಿನ ಬಾಯಿಂದಲೇ ಹೊರಡುತ್ತದೆ. ನಾನು ಬೆವತುಹೋದೆ. ಆಮೇಲೆ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕವನ್ನು ಪಂಪಿಗೆ ಮೊದಲೇ ಅಲ್ಪ ಪ್ರಮಾಣದಲ್ಲಿ ಬೆರೆಸಿದೆವು, ಡಿಸ್ಕ್ ಫಿಲ್ಟರ್ ಕೂರಿಸಿದೆವು, ಲೈನುಗಳ ತುದಿ ಬಿಚ್ಚಿ ಕೆಸರನ್ನು ದ್ರಾವಣದ ಕೊಳಕ್ಕೆ ಮರಳಿ ಹೋಗುವಂತೆ ಹರಿಯಬಿಟ್ಟೆವು.

ಬಿಸಿಲಿಗೆ ದ್ರಾವಣ ಆವಿಯಾಗದಿರಲೆಂದು ಪೈಪುಗಳನ್ನು ಗೇಣು ಆಳಕ್ಕೆ ಹೂಳಿದೆವು. ಹೂತ ಮೇಲೆ ಕಟ್ಟಿಕೊಂಡ ಡ್ರಿಪ್ಪರ್ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಪ್ರತಿ ಲೈನಿನ ಕೊನೆಯ ಒಂದು ಮೀಟರನ್ನು ಮಾತ್ರ ಹೊರಗೆ ಬಿಟ್ಟು, ಅಲ್ಲಿ ವಾರಕ್ಕೊಮ್ಮೆ ಲೋಟ ಹಿಡಿಯುತ್ತಿದ್ದೆವು. ನಿಮಿಷಕ್ಕೆ 33 ಮಿ.ಲೀ. ಬರಬೇಕಾದಲ್ಲಿ 25ಕ್ಕಿಂತ ಕಡಿಮೆ ಬಂದ ಲೈನನ್ನು ಅಗೆದು ಬದಲಿಸುತ್ತಿದ್ದೆವು.